ಉತ್ತರ ಪತ್ರಿಕೆಯ ಮೊದಲ ಸಾಲು

ನಮ್ಮ ಅಪ್ಪನಿಗೆ ಬರೆಯಲು ಬರುತ್ತಿದ್ದದ್ದು ಒಂದೇ ಸಾಲು: ‘ಶ್ರೀ ಮಲ್ಲಯ್ಯ ಪ್ರಸನ್ನ’. ಯಾದಗಿರಿ ಕಡೆಯ ನಮ್ಮೂರಿನ ಗುಡಿಯ ಬಾಗಿಲ ಮೇಲೆ ಅದನ್ನು ಕೆತ್ತಿದ್ದರಂತೆ. ದನ ಬಿಟ್ಟುಕೊಂಡು ಎದುರಿನ ಕಟ್ಟೆಯ ಮೇಲೆ ಕೂತು ನೋಡಿ ನೋಡಿ ಅಪ್ಪ ಆ ಆಕಾರ ಕಲಿತುಕೊಂಡಿದ್ದ. ಅದರಲ್ಲಿ ‘ಪ್ರ’ ಯಾವುದು, ‘ಸ’ ಯಾವುದು ಎಂದು ಬಿಡಿಸಿ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಎಡದಿಂದ ಶುರುಮಾಡಿದರೆ ಬಲಕ್ಕೆ ಮುಟ್ಟುವ ತನಕ ಉಸಿರು ಬಿಗಿಹಿಡಿದು ಬರೆಯುತ್ತಿದ್ದ. ನಡುವೆ ಯಾರಾದರೂ ಮಾತಾಡಿಸಿದರೆ ಅಳಿಸಿ ಮತ್ತೆ ಮೊದಲಿನಿಂದ.

ಅಪ್ಪ ಗೌಂಡಿ, ಗಾರೆ ಕೆಲಸದವ. ಬೆಂಗಳೂರಿನವರು ಪ್ಲಾಸ್ಟರಿಂಗ್ ಅನ್ನುವುದಕ್ಕೆ ನಮ್ಮ ಕಡೆ ಗಿಲಾವು ಅನ್ನುತ್ತಾರೆ. ಗೋಡೆ ಎದ್ದು, ಗಿಲಾವು ಹಾಕುವ ಮುಂಚೆ, ಇಟ್ಟಿಗೆಯ ಮೇಲೆ ಒಂದು ಮುಷ್ಟಿ ಸಿಮೆಂಟು ಮೆತ್ತಿ, ಅದು ಹಸಿಯಾಗಿರುವಾಗಲೇ ಕರಣೆಯ ತುದಿಯಿಂದ ಅಪ್ಪ ತನ್ನ ಸಾಲು ಗೀಚುತ್ತಿದ್ದ. ಮಾರನೆಯ ದಿನ ಅದರ ಮೇಲೆ ಗಿಲಾವು ಬೀಳುತ್ತಿತ್ತು. ಹೀಗಾಗಿ ಇಂದಿರಾನಗರದಲ್ಲಿ, ಸಿ.ವಿ. ರಾಮನ್ ನಗರದಲ್ಲಿ ಅದೆಷ್ಟೋ ಮನೆಗಳ ಗೋಡೆಯೊಳಗೆ ನಮ್ಮೂರ ಮಲ್ಲಯ್ಯ ಬಾಡಿಗೆ ಕೊಡದೆ ಕೂತಿದ್ದಾನೆ. ಆ ಮನೆಯವರಿಗೆ ಈ ವಿಷಯ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಯಾವ ಕಾಗದವೂ ಆ ಸಾಲಿಲ್ಲದೆ ಶುರುವಾಗುತ್ತಿರಲಿಲ್ಲ. ಊರಿಗೆ ಬರೆಯುವ ಪತ್ರ, ಮದುವೆಗೆ ಕರೆಯಬೇಕಾದವರ ಪಟ್ಟಿ, ಕೊನೆಗೆ ಅಂಗಡಿಯ ಸಾಮಾನು ಚೀಟಿ ಕೂಡ. ನನ್ನ ಸ್ಲೇಟಿನ ಮೇಲೆ ಮೊದಲು ಮೂಡಿದ್ದು ‘ಅ’ ಅಲ್ಲ, ಈ ಸಾಲೇ. ಶಾಲೆಗೆ ಸೇರಿಸುವ ಮುಂಚೆ ಅಪ್ಪನೇ ನನ್ನ ಕೈ ಹಿಡಿದು ತಿದ್ದಿಸಿದ್ದ. ಮುಂದೆ ನಾನು ಅಪ್ಪನಿಗಿಂತ ಸಾವಿರ ಪಟ್ಟು ಹೆಚ್ಚು ಬರೆದೆ. ಆದರೆ ಬರೆಯಲು ಕೂತ ಕೂಡಲೇ ಪುಟದ ನೆತ್ತಿಯ ಮೇಲೆ ಆ ಸಾಲನ್ನು ನನ್ನ ಕೈ ತಾನೇ ಬರೆದುಬಿಡುತ್ತಿತ್ತು. ನನ್ನನ್ನು ಕೇಳುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವು ಗರುಡಾಚಾರ್‌ಪಾಳ್ಯದಲ್ಲಿ ಸಾಲುಮನೆಯೊಂದರ ಒಂಟಿ ಕೋಣೆಯಲ್ಲಿದ್ದೆವು. ಓನರಮ್ಮನ ಮನೆತನದವರು ಆ ಊರಿನ ಹಳೆ ಒಕ್ಕಲಿಗರು. ಅವರ ರಾಗಿ ಹೊಲ ಇದ್ದ ಜಾಗದಲ್ಲೇ ಈಗ ಹತ್ತು ಕೋಣೆ, ಹತ್ತು ಕೋಣೆಗೂ ಸೇರಿ ಒಂದು ನಲ್ಲಿ. ಪಿಯುಸಿ ಮುಗಿಸಿದ ನಾನು ಅಲ್ಲೇ ಹತ್ತಿರ ವೈರು ಜೋಡಿಸುವ ಒಂದು ಸಣ್ಣ ಯೂನಿಟ್ಟಿಗೆ ಸೇರಿದ್ದೆ. ವೈರಿನ ತುದಿಗೆ ಪಿನ್ನು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಬೆಳಗಿನಿಂದ ಸಂಜೆಯವರೆಗೆ ಎಳೆದು ನೋಡುವ ಕೆಲಸ. ಬಿ.ಎ. ಮಾಡಿ, ಆಮೇಲೆ ಬಿ.ಎಡ್. ಮಾಡಿ, ಹೈಸ್ಕೂಲು ಟೀಚರ್ ಆಗಬೇಕೆಂಬುದು ನನ್ನ ಹಟ. ಕಾಲೇಜಿಗೆ ಹೋಗುವಂತಿರಲಿಲ್ಲವಾದ್ದರಿಂದ ಅಂಚೆಯ ಮೂಲಕ ಓದಿಸುವ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ.

ನನ್ನ ಪಾಲಿಗೆ ವಿಶ್ವವಿದ್ಯಾಲಯವೆಂದರೆ ಕಂದು ಬಣ್ಣದ ಒಂದು ಲಕೋಟೆ. ಅದರೊಳಗೆ ಪಾಠದ ಪುಸ್ತಿಕೆಗಳು, ಒರಟು ಕಾಗದ, ಅಲ್ಲಲ್ಲಿ ಮಸುಕಾದ ಅಚ್ಚು. ಪೋಸ್ಟ್‌ಮ್ಯಾನ್ ಅದನ್ನು ಓನರಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದ. “ಬಂದೈತೆ ನೋಡಮ್ಮ ನಿನ್ ಕಾಲೇಜು,” ಎಂದು ಆಕೆ ಕಿಟಕಿಯಿಂದಲೇ ಕೂಗುತ್ತಿದ್ದರು. ನನಗೆ ಆಗ ಆಗುತ್ತಿದ್ದ ಸಂತೋಷ ಹಬ್ಬಕ್ಕೆ ಹೊಸ ಬಟ್ಟೆ ಬಂದಾಗಲೂ ಆಗುತ್ತಿರಲಿಲ್ಲ.

ತಿಂಗಳಿಗೊಂದೆರಡು ಭಾನುವಾರ ಶಿವಾಜಿನಗರದ ಹತ್ತಿರ ಒಂದು ಹಳೆ ಕಾಲೇಜಿನಲ್ಲಿ ನಮಗೆ ಪಾಠ ನಡೆಯುತ್ತಿತ್ತು. ಬಸ್ಸಿನಲ್ಲಿ ಹಲಸೂರು ದಾಟುವಷ್ಟರಲ್ಲಿ ನಾನು ಪುಸ್ತಿಕೆ ತೆಗೆದು ಕೂತಿರುತ್ತಿದ್ದೆ. ತರಗತಿಯಲ್ಲಿ ಬಸ್ ಕಂಡಕ್ಟರ್ ಇದ್ದರು, ಪೊಲೀಸ್ ಪೇದೆ ಇದ್ದರು. ರಿಚರ್ಡ್ಸ್ ಟೌನಿನಿಂದ ಬರುತ್ತಿದ್ದ ತಮಿಳು ನರ್ಸ್ ಒಬ್ಬರಿದ್ದರು, ಅವರು ಮೊದಲ ಬೆಂಚಿನಲ್ಲೇ ಕೂತು ತೂಕಡಿಸುತ್ತಿದ್ದರು. ಇತಿಹಾಸ ಹೇಳುತ್ತಿದ್ದ ಮೇಷ್ಟ್ರು ಅವರನ್ನು ಎಬ್ಬಿಸುತ್ತಿರಲಿಲ್ಲ. ಬದಲಿಗೆ ದನಿ ಇಳಿಸುತ್ತಿದ್ದರು.

ಒಂದು ಭಾನುವಾರ ಅವರು ವಿಶ್ವವಿದ್ಯಾಲಯಗಳ ಕಥೆ ಹೇಳಿದರು. ನಮ್ಮ ದೇಶದಲ್ಲಿ ಬ್ರಿಟಿಷರು ಮೊದಲು ಶುರುಮಾಡಿದ ವಿಶ್ವವಿದ್ಯಾಲಯಗಳು ಪಾಠವನ್ನೇ ಹೇಳುತ್ತಿರಲಿಲ್ಲವಂತೆ, ಪರೀಕ್ಷೆ ಮಾತ್ರ ನಡೆಸುತ್ತಿದ್ದವಂತೆ. ಪಾಠ ಕಾಲೇಜುಗಳದ್ದು, ಪರೀಕ್ಷೆ ಇವರದ್ದು. ಆಮೇಲೆ ಮೈಸೂರಿನ ಅರಸರ ಕಾಲದಲ್ಲಿ ನಮ್ಮ ಸೀಮೆಗೂ ಒಂದು ಬಂತು, ಮುಂದೆ ಬೆಂಗಳೂರಿನ ಕಾಲೇಜುಗಳಿಗೆಂದು ಬೇರೆಯಾಯಿತು, ಆಮೇಲೆ ಜಿಲ್ಲೆ ಜಿಲ್ಲೆಗೂ ಹಬ್ಬಿತು. ಕಾಲೇಜಿಗೆ ಬರಲಾಗದವರಿಗಾಗಿ ಅಂಚೆ ಹತ್ತಿತು.

“ಪರೀಕ್ಷೆ ಅಂದ್ರೆ ನಿಮಗೆಲ್ಲ ಭಯ,” ಎಂದು ನಕ್ಕರು. “ಆದ್ರೆ ಒಂದು ಯೋಚ್ನೆ ಮಾಡಿ. ನಿಮ್ಮ ಪೇಪರ್ ನೋಡೋರಿಗೆ ನೀವು ಯಾರ ಮಕ್ಕಳು, ಯಾವ ಜಾತಿ, ಯಾವ ಊರು ಅಂತ ಗೊತ್ತಿರಲ್ಲ. ನಿಮ್ಮ ನಂಬರನ್ನೂ ಹರಿದು ಬೇರೆ ಗುಟ್ಟಿನ ನಂಬರು ಹಾಕ್ತಾರೆ. ಈ ದೇಶದಲ್ಲಿ ಅಷ್ಟು ಹೊತ್ತು ಮಾತ್ರ ನೀವು ಯಾರು, ಯಾವ ಜನ ಅಂತ ಯಾರೂ ಕೇಳಲ್ಲ.”

ನಾನು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡ ಪುಟದ ನೆತ್ತಿಯ ಮೇಲೆ ‘ಶ್ರೀ ಮಲ್ಲಯ್ಯ ಪ್ರಸನ್ನ’ ಎಂದಿತ್ತು. ಎರಡಕ್ಕೂ ಸಂಬಂಧವಿದೆ ಎಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಕೊನೆಯ ವರ್ಷದ ಪರೀಕ್ಷೆ ಬರೆದೆ. ಆರು ಪೇಪರು. ಚೆನ್ನಾಗಿಯೇ ಬರೆದಿದ್ದೆ. ಬಿ.ಎಡ್. ಅರ್ಜಿಯನ್ನೂ ತಂದಿಟ್ಟುಕೊಂಡು ಅಂಕಪಟ್ಟಿಗೆ ಕಾಯುತ್ತಿದ್ದೆ. ಒಂದು ಸಂಜೆ ಓನರಮ್ಮ ಲಕೋಟೆ ತಂದುಕೊಟ್ಟರು. ತೆಳ್ಳಗಿತ್ತು. ಇತಿಹಾಸದ ಪತ್ರಿಕೆಯಲ್ಲಿ ‘ಗುರುತು ತಿಳಿಸುವ ಬರಹ’ ಕಂಡುಬಂದಿರುವುದರಿಂದ ನನ್ನ ಫಲಿತಾಂಶ ತಡೆಹಿಡಿಯಲಾಗಿದೆ, ಇಂಥ ದಿನ ವಿಚಾರಣಾ ಸಮಿತಿಯ ಮುಂದೆ ಹಾಜರಾಗಬೇಕು, ಅಕ್ರಮವೆಂದು ತೀರ್ಮಾನವಾದರೆ ಮೂರು ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದಿತ್ತು. ಜೊತೆಗೆ ನನ್ನ ಉತ್ತರ ಪತ್ರಿಕೆಯ ಮೊದಲ ಪುಟದ ನಕಲು. ಅದರ ನೆತ್ತಿಯ ಮೇಲಿನ ಸಾಲಿಗೆ ಯಾರೋ ದಪ್ಪಗೆ ಸುತ್ತು ಹಾಕಿದ್ದರು.

ನನಗೆ ಮೊದಲು ಬಂದದ್ದು ಸಿಟ್ಟು. ದೇವರ ಹೆಸರು ಬರೆದರೆ ಅಕ್ರಮವೇ? ಚೀಟಿ ಇಟ್ಟುಕೊಂಡು ನಕಲು ಮಾಡಿದವರು ಆರಾಮಾಗಿ ಪಾಸಾಗಿ ಓಡಾಡುತ್ತಿಲ್ಲವೇ? ಪಾತ್ರೆ ಕುಕ್ಕಿದೆ, ಬಾಗಿಲು ಬಡಿದೆ, ಅಮ್ಮನ ಮೇಲೆ ಸುಮ್ಮನೆ ರೇಗಿದೆ. ಅಪ್ಪ ಮಾತ್ರ ಆ ನಕಲನ್ನು ಕೈಯಲ್ಲಿ ಹಿಡಿದುಕೊಂಡು ನೋಡುತ್ತಲೇ ಇದ್ದ. ಆ ಪುಟದಲ್ಲಿ ಅಪ್ಪನಿಗೆ ಓದಲು ಬರುತ್ತಿದ್ದದ್ದು ಅದೊಂದೇ ಸಾಲು, ಸುತ್ತು ಬಿದ್ದಿದ್ದೂ ಅದಕ್ಕೇ.

“ಇದು ನಾ ಕಲಿಸಿದ್ದಲ್ಲೇನವ್ವಾ?” ಎಂದ.

ನಾನು ಆ ನಕಲನ್ನು ತೆಗೆದುಕೊಳ್ಳಲು ಹೋದೆ, ಅಪ್ಪ ಬಿಡಲಿಲ್ಲ.

“ನಾ ಕಲಿಸಿದ್ದು ಒಂದ. ಅದೂ ತಪ್ಪಾತು ನೋಡು.”

ಇಲ್ಲಪ್ಪ, ಹಾಗಲ್ಲಪ್ಪ ಎಂದೆ. ಎಷ್ಟು ಹೇಳಿದರೂ ಅಪ್ಪನ ಮುಖ ಸರಿಹೋಗಲಿಲ್ಲ. ಎರಡು ದಿನ ಬಿಟ್ಟು ಊಟದ ಡಬ್ಬಿ ಕೊಡಲು ಸೈಟಿಗೆ ಹೋದೆ. ಹೊಸ ಗೋಡೆ ಎದ್ದಿತ್ತು, ಅಪ್ಪ ಗಿಲಾವಿಗೆ ಕೈ ಹಚ್ಚಿದ್ದ. ಇಟ್ಟಿಗೆಯ ಮೇಲೆ ಹುಡುಕಿದೆ. ಸಾಲು ಎಲ್ಲೂ ಇರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಅಪ್ಪನ ಮುಂದೆ ಅಳುವ ಅಭ್ಯಾಸವಿರಲಿಲ್ಲ, ಡಬ್ಬಿ ಇಟ್ಟು ಬಂದುಬಿಟ್ಟೆ.

ವಿಚಾರಣೆಯ ದಿನ ಅಪ್ಪನೂ ಜೊತೆಗೆ ಹೊರಟ. ಶಿವಾಜಿನಗರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮೂರು ವರ್ಷ ಓದಿದ ವಿಶ್ವವಿದ್ಯಾಲಯವನ್ನು ನಾನು ಮೊದಲ ಬಾರಿ ಕಂಡದ್ದು ಅವತ್ತೇ, ಅದೂ ಆರೋಪಿಯಾಗಿ. ದೊಡ್ಡ ಗೇಟು, ಆಚೆಗೆ ಬಾಗೆ ಮರಗಳು, ಕಲ್ಲಿನ ಹಳೆ ಕಟ್ಟಡ. ಗೇಟಿನ ಹತ್ತಿರ ಅಪ್ಪ ಅಭ್ಯಾಸಬಲದಿಂದ ನಿಂತ. ನಮ್ಮ ಗರುಡಾಚಾರ್‌ಪಾಳ್ಯದಲ್ಲಿ ಎದ್ದಿದ್ದ ಒಂದು ಗಾಜಿನ ಕಟ್ಟಡಕ್ಕೆ ಅಪ್ಪ ಎಂಟು ತಿಂಗಳು ದುಡಿದಿದ್ದ. ಗಾಜು ಕೂರಿಸಿದ ಮೇಲೆ ಒಳಗೆ ಬಿಟ್ಟುಹೋದ ಕರಣೆ ತರಲು ಹೋದರೆ ವಾಚ್‌ಮನ್ ಪಾಸ್ ಕೇಳಿದ್ದ. ಇಲ್ಲಿಯ ವಾಚ್‌ಮನ್ ಬೀಡಿ ಹಚ್ಚುತ್ತಿದ್ದ. ನಮ್ಮ ಕಡೆ ನೋಡಿ, “ಹೋಗಿ ಯಜಮಾನ್ರೇ, ಯಾಕ್ ನಿಂತ್ರಿ?” ಎಂದ.

“ಯಾರದವ್ವಾ ಇದು?” ಎಂದು ಅಪ್ಪ ಒಳಗೆ ನಡೆಯುತ್ತ ಕೇಳಿದ.

“ಸರ್ಕಾರದ್ದಪ್ಪ. ಅಂದ್ರ ಎಲ್ಲಾರದೂ.”

“ಹಂಗಾರ ನಮ್ಮದೂ ಅದ ಅನ್ನು,” ಎಂದು ಅಪ್ಪ ಕಲ್ಲಿನ ಗೋಡೆಯ ಮೇಲೆ ಅಂಗೈ ಆಡಿಸಿದ. ಆ ಕಲ್ಲುಗಳ ಸಂದು ನೋಡಿ ಅವನಿಗೆ ನನ್ನ ವಿಚಾರಣೆಯೇ ಮರೆತಂತಾಯಿತು. ಸುಣ್ಣದ ಗಾರೆ, ಕೂದಲು ಹೋಗುವಷ್ಟೂ ಜಾಗವಿಲ್ಲ ಎಂದು ಒಂದೊಂದೇ ಕಲ್ಲು ಮುಟ್ಟಿ ನೋಡುತ್ತ ಕಾರಿಡಾರಿನ ಉದ್ದಕ್ಕೂ ಹೋದ.

ಸಮಿತಿಯ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ವಯಸ್ಸಾದ ಅಟೆಂಡರ್ ನನ್ನ ಕಾಗದ ನೋಡಿ ಲೊಚಗುಟ್ಟಿದರು. “ಗಾಬರಿ ಬೀಳ್ಬೇಡಮ್ಮ. ಇದೊಂದೇ ಪೇಪರಲ್ಲಿ, ಗೊತ್ತಿಲ್ದೆ ಬರ್ದ್ಬಿಟ್ಟೆ ಅನ್ನು. ಬೇರೆ ಯಾವುದ್ರಲ್ಲೂ ಬರ್ದಿಲ್ಲ ಅನ್ನು. ಅಳ್ಬೇಕು ಅನ್ಸಿದ್ರೆ ಅತ್ತ್ಬಿಡು.” ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ಹಾಗೇ ಹೇಳುವುದೆಂದು ತೀರ್ಮಾನಿಸಿಕೊಂಡೆ.

ಒಳಗೆ ಮೂವರಿದ್ದರು. ನಡುವೆ ಕನ್ನಡಕದ ಮೇಡಂ, ಅವರೇ ಅಧ್ಯಕ್ಷರು. ಆಚೀಚೆ ಇಬ್ಬರು ಸರ್. ಬಲಗಡೆಯವರು ನನ್ನ ಉತ್ತರ ಪತ್ರಿಕೆಯನ್ನು ಬೆರಳಿನಿಂದ ತಟ್ಟುತ್ತ, “ಯಾರಿಗೆ ಗುರುತು ಕೊಡೋಕೆ ಬರ್ದಿದ್ದು ಇದು? ವ್ಯಾಲ್ಯುಯೇಶನ್‌ನಲ್ಲಿ ನಿಮ್ಮೋರು ಯಾರಿದ್ದಾರೆ?” ಎಂದರು.

ಅಷ್ಟೇ. ಬೆಳಗಿನಿಂದ ಕಟ್ಟಿಕೊಂಡಿದ್ದ ಸಿಟ್ಟು ಬಿಚ್ಚಿಕೊಂಡಿತು. “ನಮ್ಮೋರು ಯಾರೂ ಇಲ್ಲ ಸರ್. ನಾನು ಈ ಯೂನಿವರ್ಸಿಟಿ ನೋಡ್ತಿರೋದೇ ಇವತ್ತು. ನನಗೆ ಇಲ್ಲಿ ಗೊತ್ತಿರೋರು ಅಂದ್ರೆ ಹೊರಗಡೆ ಕೂತಿರೋ ಅಟೆಂಡರ್ ಒಬ್ರೇ. ಅವರೂ ಈಗ ಕಾಲು ಗಂಟೆಯಿಂದ ಗೊತ್ತು.”

ಮೇಡಂ ತುಟಿ ಬಿಗಿಹಿಡಿದರು, ನಗು ತಡೆಯಲಿಕ್ಕೋ ಸಿಟ್ಟು ತಡೆಯಲಿಕ್ಕೋ ತಿಳಿಯಲಿಲ್ಲ. “ಇರಮ್ಮ. ಬೇರೆ ಪೇಪರ್‌ಗಳಲ್ಲೂ ಹೀಗೇ ಬರ್ದಿದ್ದೀಯಾ?”

ಅಟೆಂಡರ್ ಹೇಳಿಕೊಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಗಿಲಿನ ಸಂದಿಯಲ್ಲಿ ಅಪ್ಪ ಕಾಣುತ್ತಿದ್ದ, ಎರಡೂ ಕೈ ಮಂಡಿಯ ಮೇಲೆ ಇಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ. ಇದೊಂದೇ ಸಲ, ಗೊತ್ತಿಲ್ಲದೆ ಬರೆದೆ ಎಂದರೆ ಅಪ್ಪ ಕಲಿಸಿದ್ದು ತಪ್ಪು ಎಂದು ನಾನೇ ಒಪ್ಪಿದ ಹಾಗೆ. ಅದು ನನ್ನಿಂದ ಆಗಲಿಲ್ಲ.

“ಎಲ್ಲದರಲ್ಲೂ ಬರ್ದಿದ್ದೀನಿ ಮೇಡಂ. ಆರೂ ಪೇಪರಲ್ಲಿ. ಹಿಂದಿನ ವರ್ಷಗಳಲ್ಲೂ. ನಮ್ಮ ಮನೇಲಿ ಸಾಮಾನು ಚೀಟಿ ಮೇಲೂ ಇದನ್ನೇ ಬರೀತೀವಿ.”

ಎಡಗಡೆಯ ಸರ್ ತಲೆಯೆತ್ತಿ ನೋಡಿದರು. ಮೂವರೂ ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಂಡರು. ನನ್ನನ್ನು ಹೊರಗೆ ಕೂರಲು ಹೇಳಿ ಉಳಿದ ಐದು ಪತ್ರಿಕೆಗಳನ್ನು ತರಿಸಲು ಕಳಿಸಿದರು. ವಿಷಯ ತಿಳಿದ ಅಟೆಂಡರ್ ತಲೆ ಚಚ್ಚಿಕೊಂಡರು. “ಒಂದು ಹೋಗೋ ಕಡೆ ಆರೂ ಕಳ್ಕೊಂಡ್ಯಲ್ಲಮ್ಮ!” ಅವರು ಹೇಳಿದ್ದು ನಿಜವೇ. ಮಧ್ಯಾಹ್ನದವರೆಗೆ ನಾನೂ ಅಪ್ಪನೂ ಆ ಬೆಂಚಿನ ಮೇಲೆ ಕೂತೆವು. ಅಮ್ಮ ಕಟ್ಟಿಕೊಟ್ಟಿದ್ದ ರೊಟ್ಟಿ ಬಿಚ್ಚಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಮತ್ತೆ ಒಳಗೆ ಕರೆದಾಗ ಮೇಜಿನ ಮೇಲೆ ನನ್ನ ಆರೂ ಪತ್ರಿಕೆ ಸಾಲಾಗಿ ಹರಡಿದ್ದವು. ಆರರ ನೆತ್ತಿಯ ಮೇಲೂ ಮಲ್ಲಯ್ಯ ಪ್ರಸನ್ನನಾಗಿದ್ದ. ಉಳಿದ ಐದು ಪತ್ರಿಕೆ ನೋಡಿದವರು ಯಾರೂ ಅವನ ಮೇಲೆ ದೂರು ಬರೆದಿರಲಿಲ್ಲ. ಕನ್ನಡ ಪತ್ರಿಕೆ ನೋಡಿದವರಂತೂ ಆ ಸಾಲಿಗೂ ಒಂದು ರೈಟ್ ಗುರುತು ಹಾಕಿದ್ದರು. ಅದನ್ನು ಕಂಡು ಬಲಗಡೆಯ ಸರ್ ಕೂಡ ನಕ್ಕುಬಿಟ್ಟರು. ಆರು ಬೇರೆ ಬೇರೆ ಊರಿನ, ಬೇರೆ ಬೇರೆ ವಿಷಯದ ಮೇಷ್ಟ್ರುಗಳಿಗೆ ಗುರುತು ಕೊಡುವಷ್ಟು ಬಳಗ ಈ ಹುಡುಗಿಗೆ ಇರಲಾರದು ಎಂದು ಅವರೇ ಹೇಳಿದರು.

ಮೇಡಂ ಮಾತ್ರ ನಗಲಿಲ್ಲ. “ಮಲ್ಲಯ್ಯ ಅಂದ್ರೆ ಯಾದಗಿರಿ ಕಡೆಯವರಾ ನೀವು?” ಎಂದರು.

“ಹೌದು ಮೇಡಂ.”

“ನೋಡು. ಇದೊಂದು ಸಾಲು ಓದಿದ್ದಕ್ಕೆ ನಿನ್ನ ಊರು ಗೊತ್ತಾಯ್ತು ನನಗೆ. ಸ್ವಲ್ಪ ತಲೆ ಓಡಿಸಿದ್ರೆ ಮನೆತನಾನೂ ಗೊತ್ತಾಗತ್ತೆ. ಆ ಕಡೆಯವರು ಕಂಡ್ರೆ ಆಗದ ಮೇಷ್ಟ್ರ ಕೈಗೆ ನಿನ್ನ ಪೇಪರ್ ಸಿಕ್ಕಿದ್ರೆ? ಅಥವಾ ನಮ್ಮೋರು ಪಾಪ ಅಂತ ಹತ್ತು ಮಾರ್ಕ್ಸ್ ಜಾಸ್ತಿ ಹಾಕೋರಿಗೆ ಸಿಕ್ಕಿದ್ರೆ? ಈ ನಿಯಮ ಇರೋದು ನಿನ್ನ ದೇವರ ಮೇಲೆ ಕೋಪಕ್ಕಲ್ಲ. ನಿನ್ನ ಕಾಪಾಡೋಕೆ.”

ಆಗ ನನಗೆ ಭಾನುವಾರದ ಮೇಷ್ಟ್ರ ಮಾತು ಅರ್ಥವಾಯಿತು. ಮೂರು ವರ್ಷ ಯಾರಾದರೂ ನನ್ನನ್ನು ಬರೀ ನಂಬರಾಗಿ ಕಂಡಿದ್ದರೆ ಅದು ನನಗೆ ಮಾಡಿದ ಅವಮಾನವಲ್ಲ, ಮರ್ಯಾದೆ. ಬಾಡಿಗೆ ಕೋಣೆ ಕೇಳಲು ಹೋದಾಗ ಮೊದಲ ಪ್ರಶ್ನೆಯೇ ‘ಯಾವ ಕಡೆಯೋರು, ಯಾವ ಜನ’ ಎಂದಿರುತ್ತಿತ್ತು. ಹಾಗೆ ಕೇಳದೆ ನನ್ನನ್ನು ಓದಿದ್ದು ಈ ಕಲ್ಲಿನ ಕಟ್ಟಡ ಒಂದೇ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

ಅಕ್ರಮವಲ್ಲ, ಅಜ್ಞಾನ ಎಂದು ಬರೆದು ಫಲಿತಾಂಶ ಬಿಡುಗಡೆಗೆ ಸಹಿ ಹಾಕಿದರು. ಇನ್ನು ಮುಂದೆ ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆಯುವುದಿಲ್ಲವೆಂದು ನಾನೊಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು. ಬಿಳಿ ಹಾಳೆ ಕೊಟ್ಟರು, ಪೆನ್ನು ಕೊಟ್ಟರು. ನನ್ನ ಕಣ್ಣು ತುಂಬಿತ್ತು, ಎದೆ ಹಗುರಾಗಿತ್ತು. ಕೂತು, ಬಗ್ಗಿ, ಬರೆಯತೊಡಗಿದೆ.

ಮೇಡಂ ಮೇಜಿನ ಮೇಲೆ ಬೆರಳಿನಿಂದ ತಟ್ಟಿದರು. ತಲೆಯೆತ್ತಿದರೆ ಮೂವರೂ ನನ್ನ ಹಾಳೆಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಹಾಳೆಯ ನೆತ್ತಿಯ ಮೇಲೆ ಅಚ್ಚುಕಟ್ಟಾಗಿ ‘ಶ್ರೀ ಮಲ್ಲಯ್ಯ ಪ್ರಸ’ ಎಂದು ಬರೆದಾಗಿತ್ತು.

ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. “ಇದಕ್ಕಿಂತ ಸಾಕ್ಷಿ ಬೇಕೇನ್ರೀ?” ಎಂದು ಪಕ್ಕದವರನ್ನು ಕೇಳಿ, ನನಗೆ ಇನ್ನೊಂದು ಹಾಳೆ ಕೊಟ್ಟರು. “ಮೇಲಿನ ಗೆರೆ ಖಾಲಿ ಬಿಡು ಮಗಳೇ. ಖಾಲಿ ಬಿಟ್ಟು ಶುರುಮಾಡು.”

ಹೊರಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಟೆಂಡರಿಗೂ ಒಂದು ರೊಟ್ಟಿ ಕೊಟ್ಟು, ಮರದ ಕೆಳಗೆ ಕೂತು ಊಟ ಮಾಡಿದೆವು. ಅಪ್ಪ ನಕ್ಕ, ಆದರೆ ಪೂರ್ತಿ ನಗಲಿಲ್ಲ. “ಪಾಸಾದಿ ಸಾಕು. ಇನ್ನ ಆ ಬರವಣಿಗಿ ಬ್ಯಾಡ ಬಿಡವ್ವಾ,” ಎಂದ. ಆಮೇಲೂ ಅಪ್ಪ ಗೋಡೆಗಳ ಮೇಲೆ ಬರೆಯಲಿಲ್ಲ. ನಾನು ಬಿ.ಎಡ್. ಸೇರಿದೆ, ಅಪ್ಪ ಒಂದಾದ ಮೇಲೊಂದು ಬರೀ ಗೋಡೆಗೆ ಗಿಲಾವು ಹಚ್ಚುತ್ತ ಹೋದ. ನಾನು ಎಷ್ಟು ಜಗಳ ಆಡಿದರೂ ಕೇಳಲಿಲ್ಲ.

ಪದವಿ ಪ್ರಮಾಣಪತ್ರ ಬಂದದ್ದು ಮಾರನೆಯ ವರ್ಷ, ರಿಜಿಸ್ಟರ್ ಪೋಸ್ಟಿನಲ್ಲಿ. “ಬಂದೈತೆ ನೋಡಮ್ಮ ನಿನ್ ಕಾಲೇಜು!” ಎಂದು ಓನರಮ್ಮ ಕಿಟಕಿ ಬಿಟ್ಟು ಈ ಸಲ ಬಾಗಿಲಿಗೇ ಬಂದರು. ದಪ್ಪ ಕಾಗದ, ಮೇಲೆ ವಿಶ್ವವಿದ್ಯಾಲಯದ ಲಾಂಛನ, ಕೆಳಗೆ ಕುಲಪತಿಗಳ ಸಹಿ, ನಡುವೆ ನನ್ನ ಹೆಸರು. ಪರೀಕ್ಷೆಯೆಲ್ಲ ಮುಗಿದ ಮೇಲೆ, ಕೊನೆಗೆ, ಹೆಸರು. ಅಪ್ಪ ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಅದನ್ನು ಅಂಚಿನಲ್ಲಿ ಹಿಡಿದು ನೋಡಿದ.

ನಾನು ಪೆನ್ನು ಕೊಟ್ಟೆ.

“ಬ್ಯಾಡವ್ವಾ. ಮತ್ತ ಕರೀತಾರ ಆ ಮೇಡಂ,” ಎಂದು ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

ನಾನು ಪ್ರಮಾಣಪತ್ರವನ್ನು ಮಗುಚಿ, ಖಾಲಿ ಬೆನ್ನು ಮೇಲೆ ಮಾಡಿ ಅಪ್ಪನ ಮುಂದೆ ಇಟ್ಟೆ.

“ಈ ಕಡಿ ಬರಿಯಪ್ಪ. ಇದು ಗಿಲಾವಿನ ಒಳಗಿನ ಕಡಿ.”

ಅಪ್ಪ ಆ ಖಾಲಿ ಬೆನ್ನಿನ ಮೇಲೆ ಒಮ್ಮೆ ಅಂಗೈ ಆಡಿಸಿದ. ಆಮೇಲೆ ಪೆನ್ನನ್ನು ಕರಣೆಯ ಹಾಗೆ ಮುಷ್ಟಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಎಡದಿಂದ ಶುರುಮಾಡಿದ. ಓನರಮ್ಮ ಏನೋ ಕೇಳಲು ಬಾಯಿ ತೆರೆದರು. ಅಪ್ಪ ಬರೆದು ಬಲಕ್ಕೆ ಮುಟ್ಟುವ ತನಕ ಮಾತಾಡಿಸಬೇಡಿ ಎಂದು ನಾನು ಕೈಸನ್ನೆ ಮಾಡಿದೆ.